ಎಡಗೋಡೆಯ ಬುರುಡೆ

ಕಂತು ೧೧

"ಕೈಬೆರಳಿನ ಮೂಳೆ ಒಂದೂ ಇಲ್ಲ," ಎಂದಳು ಶೋನಾ. "ಕಾಲ್ಬೆರಳಿಂದೂ ಇಲ್ಲ. ದೀಪ ಇನ್ನೊಂಚೂರು ಕೆಳಗೆ ಹಿಡಿ, ರೋಡಾ. ನನ್ನ ಮುಖಕ್ಕಲ್ಲ ಮಾರಾಯ್ತಿ, ಅವನ ಮುಖಕ್ಕೆ."

ಅವನ ಮುಖ ನಮ್ಮ ಕಡೆ ಇರಲಿಲ್ಲ. ಎಡಗೋಡೆಯ ಬುಡದಲ್ಲಿ ಕೂತಿದ್ದ ಬುರುಡೆ ಗೋಡೆಯನ್ನೇ ನೋಡುತ್ತಿತ್ತು, ನಮ್ಮ ಮೇಲೆ ಮುನಿಸಿಕೊಂಡವರ ಹಾಗೆ.

ನಾನು ಹೊಟ್ಟೆಯ ಮೇಲೆ ಮಲಗಿದ್ದೆ. ಕೆಳಗೆ ತಣ್ಣನೆಯ ಹಾಸುಗಲ್ಲು, ತಲೆಯ ಮೇಲೆ ಗೇಣುದ್ದ ಬಿಟ್ಟು ಚಾವಣಿಯ ಚಪ್ಪಡಿ. ಕ್ವಾಯ್‌ನೆಸ್ ದಿಬ್ಬದ ಸುರಂಗದಲ್ಲಿ ಏಳು ಗಜ ತೆವಳಿದರೆ ನಡುಕೋಣೆ ಸಿಗುತ್ತದೆ, ಅಲ್ಲಿ ಎದ್ದು ನಿಲ್ಲಬಹುದು. ಅದರ ಆಚೆಯ ಒಳಗೋಣೆಗೆ ಮಾತ್ರ ಹಾವಿನಂತೆ ನುಗ್ಗಬೇಕು. ನಲವತ್ತೈದು ವರ್ಷ ಬಾರ್ಲಿ ರೊಟ್ಟಿಗೆ ಬೆಣ್ಣೆ ಮೆತ್ತಿ ತಿಂದ ನನ್ನ ಮೈಗೆ ಅದು ಹೇಳಿ ಮಾಡಿಸಿದ ಕೆಲಸವಲ್ಲ.

ಮಂಗಳವಾರ ಪ್ರವಾಸಕ್ಕೆ ಬಂದ ಒಬ್ಬ ಸಣಕಲು ಹೆಂಗಸು ಬರಿದೆಂದು ಯಾರೂ ನುಗ್ಗದ ಈ ಒಳಗೋಣೆಗೆ ನುಗ್ಗಿ ಚೀರಿದಳು; ಮೂವತ್ತೆಂಟು ವರ್ಷದ ಹಿಂದೆಯೇ ಅಗೆದು, ಹಳೆಯ ಮೂಳೆಯನ್ನೆಲ್ಲ ಮ್ಯೂಸಿಯಂಗೆ ಸಾಗಿಸಿ ಬರಿದು ಮಾಡಿದ್ದ ಸಮಾಧಿಯಲ್ಲಿ ಒಂದು ಬುರುಡೆ ಕೂತಿತ್ತು, ಅದರ ದವಡೆ ಹಲ್ಲಿನಲ್ಲಿ ಬೆಳ್ಳಿ ತುಂಬಿತ್ತು. ಕಲ್ಲಿನ ಯುಗದವರು ಹಲ್ಲಿಗೆ ಬೆಳ್ಳಿ ತುಂಬಿಸಿಕೊಳ್ಳುತ್ತಿರಲಿಲ್ಲ ಎಂಬುದು ನನ್ನಂಥವಳಿಗೂ ಗೊತ್ತು.

ನನ್ನಂಥವಳು ಅಂದರೆ ಬೆಳಿಗ್ಗೆ ಅಂಚೆ ಹಂಚುವವಳು, ವಿಮಾನ ಇಳಿಯುವಾಗ ಬೆಂಕಿ ಆರಿಸುವ ಗಾಡಿಯ ಪಕ್ಕ ನಿಲ್ಲುವವಳು, ಉಳಿದ ಹೊತ್ತಿನಲ್ಲಿ ಪೊಲೀಸು. ಸ್ಟೆನ್ಸೇ ದ್ವೀಪದಲ್ಲಿರುವುದು ಅರವತ್ತೆರಡು ಜನ. ಒಬ್ಬೊಬ್ಬರು ಮೂರು ನಾಲ್ಕು ಕೆಲಸ ಹೊರದಿದ್ದರೆ ಊರು ನಡೆಯುವುದಿಲ್ಲ. ನಿಜವಾದ ಸಾರ್ಜೆಂಟ್ ದೊಡ್ಡ ದ್ವೀಪದ ಕರ್ಕ್‌ವಾಲ್‌ನಲ್ಲಿ ಮೂರು ದಿನದಿಂದ ಮಂಜು ನೋಡುತ್ತಾ ಕೂತಿದ್ದ. ಹಡಗೂ ಇಲ್ಲ, ವಿಮಾನವೂ ಇಲ್ಲ. ಮೂಳೆ ಓದಬಲ್ಲ ಡಾಕ್ಟರ್ ಶೋನಾ ಲೇಂಗ್ ಮಾತ್ರ ಮಂಜು ಮುಚ್ಚುವ ಮೊದಲಿನ ಕೊನೆಯ ವಿಮಾನದಲ್ಲಿ ಬಂದಿಳಿದಿದ್ದಳು. ಪಕ್ಕದ ದ್ವೀಪದವಳು, ಆದ್ದರಿಂದ ಬಾಯಿಗೆ ಬೀಗ ಇಲ್ಲ.

"ಇಲ್ಲಿ ಸತ್ತವನಲ್ಲ ಇವನು," ಎಂದಳು. "ಇಲ್ಲಿ ಕೊಳೆತವನೂ ಅಲ್ಲ. ಹೆಣ ಇಲ್ಲೇ ಕರಗಿದ್ರೆ ಸಣ್ಣ ಮೂಳೆ ಎಲ್ಲ ಇಲ್ಲೇ ಬಿದ್ದಿರ್ತಿತ್ತು. ಒಂದೊಂದು ಕೈಗೆ ಇಪ್ಪತ್ತೇಳು, ಒಂದೊಂದು ಪಾದಕ್ಕೆ ಇಪ್ಪತ್ತಾರು. ಒಂದೂ ಇಲ್ಲ ಅಂದ್ರೆ?"

"ಬೇರೆಲ್ಲೋ ಇದ್ದ."

"ವರ್ಷಗಟ್ಟಲೆ ಇದ್ದ. ಮಾಂಸ ಹೋಗಿ ಒಣಗಿದ ಮೇಲೆ ಯಾರೋ ದೊಡ್ಡ ಮೂಳೆ ಮಾತ್ರ ಆರಿಸಿ ತಂದಿಟ್ಟಿದ್ದಾರೆ. ಇದನ್ನ ಕಟ್ಟಿದವರೂ ಹಾಗೇ ಮಾಡ್ತಿದ್ರು. ಹೆಣಾನ ಬಯಲಲ್ಲಿ ಹದ್ದಿಗೆ ಬಿಡೋದು. ಆಮೇಲೆ ಮೂಳೆ ತಂದು ಬುರುಡೆ ಒಂದು ಗೋಡೆಗೆ, ತೊಡೆಮೂಳೆ ಇನ್ನೊಂದು ಗೋಡೆಗೆ."

"ಅಷ್ಟೆಲ್ಲ ಯಾಕೆ ಪಾಡು? ಒಂದು ಗುಂಡಿ ತೋಡಿದ್ರೆ ಸಾಲ್ತಿರಲಿಲ್ವಾ?"

"ಗುಂಡಿ ಒಬ್ಬನಿಗೆ ಕಣೇ. ಇಲ್ಲಿ ನೂರು ಜನರ ಮೂಳೆ ಕಲೆಸಿಬಿಡ್ತಿದ್ರು. ಆಮೇಲೆ ಇದು ಇವನು, ಅದು ಅವನು ಅನ್ನೋ ಹಾಗಿಲ್ಲ. ಹೆಸರು ಅಳಿಸಿ ಹೋಗಿ ಎಲ್ಲರೂ ಬರೀ 'ನಮ್ಮೋರು' ಆಗ್ತಿದ್ರು. ಆಗಾಗ ಹೊರಗೆ ತಂದು ಮುಟ್ಟಿ, ಮತ್ತೆ ಒಳಗಿಡ್ತಿದ್ರು ಅಂತ ಕಾಣುತ್ತೆ. ನೀನು ಕೈ ಊರಿರೋ ಕಲ್ಲು ಸವರಿ ನೋಡು."

ಸವರಿದೆ. ಬೇರೆ ಕಲ್ಲೆಲ್ಲ ಒರಟು, ಇದರ ಅಂಚು ಮಾತ್ರ ಹಳೆಯ ಮನೆಯ ಹೊಸ್ತಿಲಿನ ಹಾಗೆ ನುಣುಪು. ಒಳಗೆ ನುಗ್ಗುವವರು ಎಲ್ಲಿ ಹಿಡಿಯುತ್ತಿದ್ದರೋ ನಾನೂ ಅಲ್ಲೇ ಹಿಡಿದಿದ್ದೆ. ಯಾರದೋ ಕೈಯ ಮೇಲೆ ಕೈ ಇಟ್ಟಂತಾಗಿ ಹಿಂದಕ್ಕೆಳೆದುಕೊಂಡೆ.

ಹೊರಗೆ ಕಡಲ ಬಂಡೆಗಳ ಮೇಲೆ ಸೀಲ್‌ಗಳು ಕೂಗುತ್ತಿದ್ದವು. ಮಂಜಿನ ದಿನ ಆ ಕೂಗು ಅಳುವ ಹೆಂಗಸರದೇ ದನಿ. ಸುರಂಗ ಹೊಕ್ಕು ಒಳಗೆ ಬರುವಷ್ಟರಲ್ಲಿ ದನಿ ಹೋಗಿ ಬರೀ ಉಸಿರು ಉಳಿಯುತ್ತದೆ, ನಮ್ಮ ಪಕ್ಕದಲ್ಲೇ ಮೂರನೆಯವರು ಮಲಗಿದ್ದಾರೆ ಅನಿಸುತ್ತದೆ. ನನಗೆ ಭಯವಾಯಿತು, ಅದನ್ನು ಮುಚ್ಚಿಡುವುದಿಲ್ಲ.

"ನಿಮ್ಮೂರಲ್ಲಿ ಎಲ್ಲರೂ ಇದು ಎಡ್ವಿನ್ ಅಂತಿದ್ದಾರಲ್ಲ," ಎಂದಳು ಶೋನಾ.

"ಇನ್ಯಾರು ಅಂತಾರೆ?"

ಎಡ್ವಿನ್ ಫೌಬಿಸ್ಟರ್ ಮೂವತ್ತೊಂದು ವರ್ಷದ ಹಿಂದೆ ಏಡಿ ಹಿಡಿಯಲು ಒಬ್ಬನೇ ಕಡಲಿಗಿಳಿದ. ಸಂಜೆ ದೋಣಿ ಬರಿದಾಗಿ ತೇಲುತ್ತಾ ಸಿಕ್ಕಿತು. ಮುಳುಗಿದ ಎಂದರು. ಅವನ ಹೆಂಡತಿ ಮೆರ್ರನ್, ನಮ್ಮೂರ ಅಂಗಡಿಯವಳು, ಇವತ್ತಿಗೂ ಚರ್ಚಿನ ಹಿತ್ತಲಲ್ಲಿ ಅವನಿಗೆಂದು ಬಿಟ್ಟ ಆರಡಿ ಜಾಗದ ಹುಲ್ಲನ್ನು ತಾನೇ ಕತ್ತರಿಸುತ್ತಾಳೆ. ಕಲ್ಲು ನಿಲ್ಲಿಸು ಎಂದು ಎಷ್ಟು ಜನ ಹೇಳಿದರೂ ಕೇಳಲಿಲ್ಲ. ಕೆಳಗೆ ಅವನಿಲ್ಲದೆ ಮೇಲೆ ಅವನ ಹೆಸರು ಯಾಕೆ ಎನ್ನುತ್ತಾಳೆ. ಅಮ್ಮ ಇಲ್ಲದ ನನ್ನ ತಲೆ ಬಾಚಿ ಶಾಲೆಗೆ ಕಳಿಸಿದವಳು ಅವಳೇ. ಈ ಮೂಳೆ ಅವಳ ಗಂಡನದಾದರೆ ಅದನ್ನು ಅವಳ ಕೈಗೆ ಒಪ್ಪಿಸಲೇಬೇಕು ಎಂದು ನಾನು ಮಂಗಳವಾರವೇ ನಿರ್ಧರಿಸಿದ್ದೆ.

ಆದರೆ ಮುಳುಗಿದವನು ತಾನೇ ನಡೆದುಬಂದು ದಿಬ್ಬದಲ್ಲಿ ಮಲಗುವುದಿಲ್ಲ.

"ಇಟ್ಟವರಿಗೆ ಓದು ಬರ್ತಿತ್ತು," ಎಂದಳು ಶೋನಾ. "ಹೊರಗೆ ಫಲಕ ಇದೆಯಲ್ಲ, ಚಿತ್ರ ಸಮೇತ. ಅದನ್ನ ನೋಡ್ಕೊಂಡೇ ಜೋಡಿಸಿದ್ದಾರೆ. ಬುರುಡೆ ಈ ಕಡೆ, ತೊಡೆ ಆ ಕಡೆ."

"ಹೌದು," ಎಂದೆ. ಎಂದ ಮೇಲೆ ಫಲಕದ ಚಿತ್ರ ನೆನಪಾಯಿತು.

ಫಲಕದಲ್ಲಿ ಬುರುಡೆಗಳಿರುವುದು ಬಲಗೋಡೆಗೆ.

ಚಿತ್ರ ಬರೆದವನು ಎಡಬಲ ತಿರುಗಿಸಿಬಿಟ್ಟಿದ್ದ. ಅದು ನಮ್ಮ ಮನೆಯ ಹಳೆಯ ಜೋಕು. ಫಲಕ ನೆಟ್ಟ ದಿನದಿಂದ ಅಪ್ಪ ಗೊಣಗುತ್ತಲೇ ಇದ್ದಾನೆ: "ಬುರುಡೆ ಇದ್ದಿದ್ದು ಎಡಕ್ಕೆ ಕಣ್ರಪ್ಪ, ನಾನೇ ಎತ್ತಿದ್ದು. ಬರೆದವನು ಕುಡಿದಿದ್ದ." ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅಂದು ಅಗೆತಕ್ಕೆ ಇಳಿದು ಬುರುಡೆ ಎಡಕ್ಕಿದ್ದದ್ದನ್ನು ಕಂಡವರು ನಾಲ್ವರು. ಪ್ರೊಫೆಸರು ತೀರಿಹೋದರು, ವಾಟಿ ಸೀಟರ್ ಹೋದ, ಎಡ್ವಿನ್ ಕಡಲ ಪಾಲಾದ. ಉಳಿದದ್ದು ನನ್ನಪ್ಪ ಜೀಮ್ಸಿ ಹಾರ್ಕಸ್ ಒಬ್ಬನೇ.

ಇಷ್ಟೇ ಆಗಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದೆ. ಎಡ್ವಿನ್ ಕಾಣೆಯಾಗುವ ಹಿಂದಿನ ದಿನ ಅಪ್ಪ ಹಡಗುಕಟ್ಟೆಯಲ್ಲಿ ಎಲ್ಲರೆದುರು ಅವನ ಮೂತಿಗೆ ಗುದ್ದಿದ್ದ. ತನ್ನ ಏಡಿಬುಟ್ಟಿ ಎತ್ತಿದ್ದಾನೆಂದು ಜಗಳ. ನನಗಾಗ ಹದಿನಾಲ್ಕು, ಪಕ್ಕದಲ್ಲೇ ನಿಂತಿದ್ದೆ.

"ಯಾಕೆ ಸುಮ್ಮನಾದೆ?" ಎಂದಳು ಶೋನಾ.

"ಸೊಂಟ ಹಿಡ್ಕೊಂಡಿದೆ. ನೀನು ಕೆಲಸ ಮಾಡ್ತಿರು, ಬಂದೆ." ಸುಳ್ಳು ಹೇಳಿ ಹಿಂದಕ್ಕೆ ತೆವಳಿದೆ. ಅವಳು ಆಗಲೇ ನೆಲದ ಚಪ್ಪಡಿಯೊಂದನ್ನು ಬೆರಳಲ್ಲಿ ತಟ್ಟಿ ನೋಡುತ್ತಿದ್ದಳು.

ಹೊರಗೆ ಮಧ್ಯಾಹ್ನ. ಹಾಗೆಂದು ಗಡಿಯಾರ ಹೇಳುತ್ತಿತ್ತು, ಆಕಾಶ ಏನೂ ಹೇಳುತ್ತಿರಲಿಲ್ಲ. ಬೇಲಿಯ ಎರಡು ಗೂಟ ಕಂಡರೆ ಮೂರನೆಯದು ಕಾಣದು. ಮನೆಯವರೆಗೂ ನನ್ನ ಹೆಜ್ಜೆಯ ಹಿಂದೆ ಇನ್ನೊಂದು ಹೆಜ್ಜೆ ಕೇಳಿಸಿತು. ತಿರುಗಿ ನೋಡಿದರೆ ಅಪ್ಪನ ಕುರಿಯೊಂದು, ಮಂಜಿನಲ್ಲಿ ದಾರಿ ತಪ್ಪಿ ನನ್ನನ್ನೇ ನಂಬಿ ಬರುತ್ತಿತ್ತು.

ಅಪ್ಪ ಅಡುಗೆಮನೆಯಲ್ಲಿ ಒಲೆಯ ಪಕ್ಕ ಕೂತು ಏಡಿಬುಟ್ಟಿಗೆ ಬಲೆ ಹೆಣೆಯುತ್ತಿದ್ದ. ವಯಸ್ಸು ಎಪ್ಪತ್ತೆಂಟು, ಬೆರಳು ಮಾತ್ರ ಇನ್ನೂ ಮೂವತ್ತರದು.

"ಬಾ ಪುಟ್ಟಿ. ಟೀ ಬಿಸಿ ಇದೆ. ಅಂಚೆ ಇಲ್ಲ, ವಿಮಾನ ಇಲ್ಲ, ನಿನಗೆ ಸಂಬಳ ಯಾಕೆ ಕೊಡ್ತಾರೋ."

ನಾನು ಕೂರಲಿಲ್ಲ. "ಅಪ್ಪ, ಬುರುಡೆ ಎಡಗೋಡೆಗಿದೆ."

"ಇನ್ನೆಲ್ಲಿರ್ಬೇಕು ಮತ್ತೆ?" ಎಂದುಬಿಟ್ಟ.

ಎಂದ ಮೇಲೆ ಬಲೆಯ ಸೂಜಿ ನಿಂತಿತು. ತಲೆ ಎತ್ತಲಿಲ್ಲ.

"ಫಲಕದಲ್ಲಿ ಬಲಕ್ಕಿದೆ," ಎಂದೆ. "ಬೇರೆ ಯಾರು ಇಟ್ಟಿದ್ರೂ ಅದನ್ನ ನೋಡಿ ಬಲಕ್ಕಿಡ್ತಿದ್ರು."

"ನೀನೀಗ ಮಗಳಾಗಿ ಕೇಳ್ತಿದೀಯೋ, ಪೊಲೀಸಾಗಿ ಕೇಳ್ತಿದೀಯೋ?"

"ಯಾರಿಗೆ ಉತ್ತರ ಕೊಡ್ತೀಯೋ ಅವರಾಗಿ."

"ಟೋಪಿ ತೆಗೆದಿಡು ಹಾಗಾದ್ರೆ."

ತೆಗೆದು ಮೇಜಿನ ಮೇಲಿಟ್ಟೆ. ನನಗಿದ್ದದ್ದು ಒಬ್ಬನೇ ಅಪ್ಪ. ಮಂಜು ಎದ್ದರೆ ಸಂಜೆಯ ಹಡಗಿನಲ್ಲಿ ಸಾರ್ಜೆಂಟ್ ಬರುತ್ತಾನೆ, ಅದೇ ಹಡಗಿನಲ್ಲಿ ಇವನನ್ನು ಕರೆದೊಯ್ಯುತ್ತಾನೆ. ಕೇಳದೆ ಇರಬಹುದಿತ್ತು. ಕೇಳದೆ ಇದ್ದರೆ ನಾಳೆಯಿಂದ ಮೆರ್ರನ್ ಅಂಗಡಿಗೆ ಯಾವ ಮುಖ ಹೊತ್ತು ಹೋಗಲಿ?

"ನೀನು ಕೊಂದೆಯಾ ಅಪ್ಪ, ಎಡ್ವಿನ್‌ನ?"

ಅವನು ನನ್ನನ್ನು ದಿಟ್ಟಿಸಿದ. ಕೋಪ ಬರುತ್ತದೆಂದುಕೊಂಡಿದ್ದೆ, ಬರಲಿಲ್ಲ.

"ಒಂದು ಏಟು ಕೊಟ್ಟೆ. ಅದು ನಿನಗೆ ಗೊತ್ತು. ಅಷ್ಟೇ." ಬಲೆಯನ್ನು ಪಕ್ಕಕ್ಕಿಟ್ಟ. "ಅವನು ಹೋಗಿ ಮೂರು ವರ್ಷ ಆಗಿತ್ತು. ಮಾರ್ಚ್ ತಿಂಗಳ ದೊಡ್ಡ ಇಳಿತ. ಉತ್ತರದ ಗವಿಗೆ ತೇಲುಮರ ಹುಡುಕೋಕೆ ಹೋದೆ. ಒಳಗೆ ಎತ್ತರದ ಬಂಡೆ ಮೇಲೆ ಒಬ್ಬ ಮಲಗಿದ್ದ. ಬರೀ ಮೂಳೆ. ಬಟ್ಟೆ ಇಲ್ಲ, ಬರೀ ಒಂದು ಬೂಟು."

"ಯಾಕೆ ಯಾರಿಗೂ ಹೇಳಲಿಲ್ಲ?"

"ಹೇಳೋದಾ?" ಅಪ್ಪನ ದನಿ ಇಳಿಯಿತು. "ಕಡಲು ತಗೊಂಡಿದ್ದನ್ನ ಕಸ್ಕೊಂಡ್ರೆ, ಕಸ್ಕೊಂಡವನ ಮನೆಯಿಂದ ಒಬ್ಬರನ್ನ ಕೇಳುತ್ತೆ. ನನ್ನಜ್ಜ ಮುಳುಗ್ತಿದ್ದವನಿಗೆ ಹಗ್ಗ ಎಸೆದ. ಆ ವರ್ಷವೇ ಅವನ ಮಗ ಹೋದ. ನೀನಾಗ ಹದಿನೇಳು, ಬೇಡ ಬೇಡ ಅಂದ್ರೂ ದೋಣಿ ಏರ್ತಿದ್ದೆ. ನಗ್ತೀಯಾ? ನಗು."

ನಾನು ನಗಲಿಲ್ಲ. ನಮ್ಮೂರಲ್ಲಿ ಯಾರೂ ಆ ಮಾತಿಗೆ ನಗುವುದಿಲ್ಲ.

"ಚರ್ಚಿಗೆ ತಂದ್ರೆ ಹೆಸರು ಕೂಗಿ ಹೂಳ್ಬೇಕು. ಕಡಲಿಗೆ ಕೇಳಿಸುತ್ತೆ. ಅಲ್ಲೇ ಬಿಡೋಕೂ ಮನಸ್ಸಾಗ್ಲಿಲ್ಲ. ನನ್ನ ಕೈಯಿಂದ ಏಟು ತಿಂದು ಹೋದವನು ಅವನು." ಅಪ್ಪ ಮೂಗೊರೆಸಿಕೊಂಡ. "ದಿಬ್ಬದಲ್ಲಿ ಹೆಸರು ಕೇಳೋರಿಲ್ಲ. ಅದಕ್ಕೇ ಅದನ್ನ ಕಟ್ಟಿದ್ದು ಅಂತ ಪ್ರೊಫೆಸರು ಹೇಳ್ತಿದ್ರು. ಬೆನ್ನಬುಟ್ಟೀಲಿ ಮೂರು ಸಲ ಹೊತ್ತೆ. ಸಣ್ಣವು ಸಂದೀಲಿ ಉದುರಿಹೋದವು. ಬುರುಡೇನ ಎಲ್ಲಿರ್ಬೇಕೋ ಅಲ್ಲಿಟ್ಟು, ತಪ್ಪಾಯ್ತು ಕಣೋ ಅಂದೆ."

ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಕೊಲೆಯಲ್ಲ. ಮೂಢ, ಮೊಂಡ, ಆದರೆ ಕೊಲೆಗಾರನಲ್ಲ ನನ್ನಪ್ಪ. ಅವನ ಭುಜ ಹಿಡಿದುಕೊಂಡೆ. ಅಳು ಬಂತು, ತಡೆಯಲಿಲ್ಲ.

"ಇಪ್ಪತ್ತೆಂಟು ವರ್ಷ."

ಬಾಗಿಲಲ್ಲಿ ಮೆರ್ರನ್ ನಿಂತಿದ್ದಳು. ನಮ್ಮೂರಲ್ಲಿ ಯಾರೂ ಬಾಗಿಲು ತಟ್ಟುವುದಿಲ್ಲ. ಕೂದಲ ತುಂಬ ಮಂಜಿನ ಹನಿ, ಕೈಯಲ್ಲಿ ಅಪ್ಪನ ವಾರದ ಸಾಮಾನಿನ ಚೀಲ. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ಮೆರ್ರನಕ್ಕ..."

"ನೀನು ಸುಮ್ಮನಿರು ರೋಡಾ." ಚೀಲ ನೆಲಕ್ಕೆ ಬಿತ್ತು. "ಇಪ್ಪತ್ತೆಂಟು ವರ್ಷ ಜೀಮ್ಸಿ! ವಾರಕ್ಕೆ ಎರಡು ಸಲ ನನ್ನ ಅಂಗಡೀಲಿ ನಿಂತು ತಂಬಾಕು ಕೊಂಡೆ. ಮಳೆ ಬರುತ್ತಾ ಮೆರ್ರನ್, ಬಿಸಿಲು ಬರುತ್ತಾ ಮೆರ್ರನ್. ನನ್ನ ಗಂಡ ಅರ್ಧ ಮೈಲಿ ದೂರದಲ್ಲಿ ಮಲಗಿದಾನೆ ಅಂತ ಒಂದು ಸಲ ಬಾಯಿ ಬರಲಿಲ್ವಾ ನಿನಗೆ?"

"ಬರಲಿಲ್ಲ," ಎಂದ ಅಪ್ಪ. "ತಪ್ಪಾಯ್ತು."

"ನಿನ್ನ ತಪ್ಪಾಯ್ತು ನನಗೇನು ಮಾಡೋಕೆ? ನಾನು ಬರಿಗುಂಡಿ ಹುಲ್ಲು ಕತ್ತರಿಸ್ತಾ ಮುದುಕಿ ಆದೆ. ಜನ ಹುಚ್ಚಿ ಅಂದ್ರು. ನೀನೂ ಕೇಳಿಸ್ಕೊಂಡೆ."

ಅವಳು ಅತ್ತಳು, ಅಪ್ಪನೂ ಅತ್ತ. ನಾನು ಅವಳ ಕೋಟು ತೆಗೆದು ಒಲೆಯ ಪಕ್ಕ ಹಾಕಿ, ಅವಳನ್ನು ಕುರ್ಚಿಯಲ್ಲಿ ಕೂರಿಸಿ ಟೀ ಕೊಟ್ಟೆ. "ಸಿಕ್ಕಿದ್ನಲ್ಲ ಮೆರ್ರನಕ್ಕ," ಎಂದೆ. "ಇನ್ನು ಅವನನ್ನ ನೀನು ಮನೆಗೆ ತಗೊಂಡು ಹೋಗಬಹುದು. ಕಲ್ಲು ನಿಲ್ಲಿಸಬಹುದು." ಅವಳು ತಲೆಯಾಡಿಸಿದಳು, ನನ್ನ ಕೈ ಒತ್ತಿ ಹಿಡಿದಳು.

ಆಗ ಶೋನಾ ಬಂದಳು. ಮೊಣಕಾಲವರೆಗೂ ಕೆಸರು, ತೋಳಲ್ಲಿ ಉದ್ದನೆಯ ಪೆಟ್ಟಿಗೆ.

"ಫೋಟೋ ತೆಗೆದೆ, ಅಳತೆ ಬರೆದೆ, ಆಮೇಲೇ ಎತ್ತಿದ್ದು," ಎಂದಳು ಏದುಸಿರು ಬಿಡುತ್ತಾ. "ಇದನ್ನ ಅಲ್ಲಿ ಬಿಟ್ಟು ಬರೋಕೆ ಧೈರ್ಯ ಆಗ್ಲಿಲ್ಲ. ರೋಡಾ, ಒಳಗೆ ಒಬ್ಬನಲ್ಲ ಇರೋದು. ಎಡಗಾಲಿನ ತೊಡೆಮೂಳೆ ಎರಡಿವೆ."

ಒಬ್ಬ ಮನುಷ್ಯನಿಗೆ ಎಡಗಾಲು ಎರಡಿರುವುದಿಲ್ಲ. ಅದನ್ನು ಯಾರೂ ವಿವರಿಸಬೇಕಾಗಿರಲಿಲ್ಲ.

"ನಾನು ಹೊತ್ತಿದ್ದು ಒಬ್ಬನ್ನ," ಎಂದ ಅಪ್ಪ. "ಒಂದು ಬುರುಡೆ, ಎರಡು ತೊಡೆ. ದೇವರಾಣೆ."

"ನೀವು?" ಶೋನಾ ಅವನನ್ನೂ ನನ್ನನ್ನೂ ನೋಡಿದಳು. ಎರಡೇ ಮಾತಿನಲ್ಲಿ ಹೇಳಿದೆ. ಅವಳು ಪೆಟ್ಟಿಗೆಯ ಮುಚ್ಚಳ ತೆಗೆದಳು. "ಇದು ನೆಲದ ಚಪ್ಪಡಿ ಕೆಳಗಿತ್ತು. ಬೇರೆಯಾಗಿ, ಹೂತ ಹಾಗೆ."

ಕಂದು ಬಣ್ಣದ ಮೂಳೆ. ಅದರ ಉದ್ದಕ್ಕೂ ಒಂದು ಲೋಹದ ಪಟ್ಟಿ, ಪಟ್ಟಿಗೆ ಆರು ತಿರುಪುಮೊಳೆ. ಅಡುಗೆಮನೆಯ ದೀಪಕ್ಕೆ ಚಮಚದ ಹಾಗೆ ಹೊಳೆಯಿತು.

"ಎಡ್ವಿನ್‌ದು," ಎಂದ ಅಪ್ಪ. ದನಿ ಅವನದಾಗಿರಲಿಲ್ಲ. "ಟ್ರ್ಯಾಕ್ಟರ್ ಮಗುಚಿದಾಗ ಎಡತೊಡೆ ಮುರೀತು. ವಿಮಾನಕ್ಕೆ ಹೊತ್ತು ಹಾಕಿದ್ದು ನಾನೇ. ದೊಡ್ಡಾಸ್ಪತ್ರೇಲಿ ಪಟ್ಟಿ ಕೂರಿಸಿ ಕಳಿಸಿದ್ರು. ಆಮೇಲೆ ಎರಡು ವರ್ಷ ಕುಂಟಿದ."

"ಅಪ್ಪ, ನೀನು ಗವಿಯಿಂದ ತಂದ ಮೂಳೇಲಿ ಪಟ್ಟಿ ಇತ್ತಾ?"

"ಇರಲಿಲ್ಲ."

"ಪಟ್ಟಿ ಇಲ್ಲದ್ದು ನೋಡಿ ಅನುಮಾನ ಬರಲಿಲ್ವಾ?"

"ಕಡಲು ತಿಂದಿದೆ ಅಂದ್ಕೊಂಡೆ. ಮೂರು ವರ್ಷದ ಉಪ್ಪುಗಾಳಿ ಪುಟ್ಟಿ! ಹೊಸ ಗೇಟಿನ ತಿರುಗಣಿ ಎರಡು ವರ್ಷ ಬರಲ್ಲ ಇಲ್ಲಿ. ಮತ್ತೆ ಕಾಣೆಯಾದವನು ಅವನೊಬ್ಬನೇ ತಾನೇ? ಇನ್ಯಾರು ಅಂದ್ಕೊಳ್ಲಿ?"

ಅವ್ವನಾಣೆ, ನಾನಾಗಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದೆ. ನನ್ನ ಅಂಚೆ ವ್ಯಾನಿನ ತಳವನ್ನು ಉಪ್ಪು ತಿಂದು ಕಾಲಡಿಯಲ್ಲಿ ರಸ್ತೆ ಕಾಣುತ್ತದೆ. ಸ್ಟೆನ್ಸೇಯಲ್ಲಿ ಹುಟ್ಟಿದ ಯಾರೂ ಕಬ್ಬಿಣ ಉಳಿಯುತ್ತದೆಂದು ನಂಬುವುದಿಲ್ಲ.

"ಈ ಉಕ್ಕನ್ನ ಕಡಲು ತಿನ್ನಲ್ಲ," ಎಂದಳು ಶೋನಾ ಮೆಲ್ಲಗೆ. "ತಿಂದಿದ್ರೂ ಮೊಳೆ ಹೊಡೆದ ತೂತು ಉಳೀತಿತ್ತು. ನೀವು ತಂದ ಜೋಡಿ ತೊಡೇಲಿ ಒಂದು ತೂತೂ ಇಲ್ಲ."

ಅಪ್ಪ ತನ್ನ ಎರಡು ಅಂಗೈಗಳನ್ನೂ ತೆರೆದು ನೋಡಿಕೊಂಡ. "ಹಾಗಾದ್ರೆ ನಾನು ಯಾರ ಹತ್ರ ತಪ್ಪಾಯ್ತು ಅಂದೆ?"

ಗವಿಯಲ್ಲಿ ಸತ್ತವನು ಯಾವನೋ, ಎಲ್ಲಿಯವನೋ. ಎಡ್ವಿನ್‌ನನ್ನು ಮಾತ್ರ ಕಡಲು ಮುಟ್ಟಿರಲೇ ಇಲ್ಲ. ಅವನನ್ನು ಚಪ್ಪಡಿ ಎತ್ತಿ ಕೆಳಗಿಟ್ಟ ಕೈ ಇನ್ನೊಂದು.

"ಉಳಿದ ಮೂಳೆಯೂ ಆ ನೆಲದಡೀಲೇ ಇರುತ್ತೆ," ಎಂದಳು ಶೋನಾ. "ಸಾರ್ಜೆಂಟ್ ಬರ್ಲಿ, ಅಗೆದು ಪೂರ್ತಿ ತೆಗೀತೀನಿ. ಹೇಗೆ ಸತ್ತ ಅಂತ ಮೂಳೆಯೇ ಹೇಳುತ್ತೆ. ಎಲ್ಲಾನೂ ನಿಮ್ಮ ಕೈಗೆ ಒಪ್ಪಿಸ್ತೀನಿ ಮೆರ್ರನ್. ಇದು ನಿಮ್ಮ ಗಂಡ, ಈಗ ಅನುಮಾನವೇ ಇಲ್ಲ."

ನಾನು ಮೆರ್ರನ್ ಕಡೆ ತಿರುಗಿದೆ. ಅವಳ ಅಳು ನಿಂತಿತ್ತು. ಎಷ್ಟು ಹೊತ್ತಿನ ಹಿಂದೆ ನಿಂತಿತೋ ನಾನು ಗಮನಿಸಿರಲಿಲ್ಲ. ಪೆಟ್ಟಿಗೆಯತ್ತ ಅವಳು ಒಂದು ಸಲವೂ ನೋಡಲಿಲ್ಲ.

"ಬೇಡ," ಎಂದಳು.

"ಏನು ಬೇಡ?"

"ಅಗೀಬೇಡಿ. ಇಷ್ಟು ವರ್ಷ ಇದ್ದಾನೆ, ಅಲ್ಲೇ ಇರ್ಲಿ ಬಿಡಿ ಅವನು." ಎದ್ದು, ಒಲೆಯ ಪಕ್ಕದ ಒದ್ದೆ ಕೋಟನ್ನು ಹಾಕಿಕೊಂಡು, ಗುಂಡಿ ಒಂದೊಂದಾಗಿ ಹಾಕತೊಡಗಿದಳು. "ಸಾರ್ಜೆಂಟ್ ಹಡಗು ಎಷ್ಟು ಗಂಟೆಗೆ, ರೋಡಾ?"

ನನ್ನ ತಲೆ ಬಾಚಿ ಬೆಳೆಸಿದ ಹೆಂಗಸು. ನಾನು ಮೇಜಿನ ಮೇಲಿದ್ದ ಟೋಪಿ ತೆಗೆದು ತಲೆಗಿಟ್ಟುಕೊಂಡು, ಹೋಗಿ ಬಾಗಿಲಿಗೆ ಅಡ್ಡ ನಿಂತೆ.